ಪಾದರಸದ ಕೋಣೆ

ಆ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಆಕೆ ಅತ್ತಿಗೆಯಾಗಿದ್ದುದು ಒಬ್ಬನಿಗೆ ಮಾತ್ರ, ಗಂಡನ ತಮ್ಮನಿಗೆ. ಅವನು ಚಿಕ್ಕವನಿದ್ದಾಗ "ಅತ್ತಿಗೇ, ನನ್ನ ಕಾಲುಚೀಲ ಎಲ್ಲಿ? ಅತ್ತಿಗೇ, ಹೊಟ್ಟೆ ಹಸೀತಿದೆ!" ಎಂದು ಕೂಗುತ್ತ ಮನೆಗೂ ಹಿಂದಿನ ಶೆಡ್ಡಿಗೂ ಓಡಾಡುತ್ತಿದ್ದುದನ್ನು ಕೇಳಿ ಕೇಳಿ ಕೆಲಸದವರ ನಾಲಿಗೆಯಲ್ಲೂ ಅದೇ ಕೂತಿತು. ಗಾಜು ತರುವ ಲಾರಿಯವನೂ ಅತ್ತಿಗೆ ಎಂದ, ಅಂಚೆಯವನೂ ಅತ್ತಿಗೆ ಎಂದ, ಕೊನೆಗೆ ಆಕೆಯ ತಂದೆಯ ವಯಸ್ಸಿನ ಕಾವಲುಗಾರನೂ ಅತ್ತಿಗೆ ಎನ್ನತೊಡಗಿದ. ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ಸ್ವಂತ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದೇ ಮರೆತುಹೋಯಿತು.

ಕಾರ್ಖಾನೆ ಕಟ್ಟಿದವರು ಆಕೆಯ ಮಾವ. ಅವರದು ಲಾಟೀನಿನ ಕಾಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು ಹಳೆಯ ಎಣ್ಣೆ ಡಬ್ಬಗಳನ್ನು ಬಿಡಿಸಿ, ಕತ್ತರಿಸಿ, ಬೆಸೆದು ಲಾಟೀನು ಮಾಡುತ್ತಿದ್ದರು. ಸೈಕಲ್ಲಿನ ಎರಡೂ ಬದಿಗೆ ಅವನ್ನು ನೇತುಹಾಕಿಕೊಂಡು ಗಣಗಣ ಸದ್ದು ಮಾಡುತ್ತ ಬೀದಿ ಸುತ್ತಿ ಮಾರುತ್ತಿದ್ದರು. ಊರಿಗೆ ಕರೆಂಟು ಬಂದಾಗ ನೆರೆಯವರು "ಪಾಪ, ಲಾಟೀನಯ್ಯನ ಹೊಟ್ಟೆ ಮೇಲೇ ಕಂಬ ನೆಟ್ಟರು" ಎಂದು ಮರುಗಿದರು. ಲಾಟೀನಯ್ಯ ಮಾತ್ರ ಒಂದಿಡೀ ದಿನ ಕೆಲಸ ಬಿಟ್ಟು, ಬೀದಿ ಮೂಲೆಯ ಕಂಬದ ಕೆಳಗೆ ಕತ್ತೆತ್ತಿ ನಿಂತುಬಿಟ್ಟರು. ಮನೆಗೆ ಬಂದವರೇ ಹಿರಿಯ ಮಗನನ್ನು ಕರೆದು, "ಇನ್ಮೇಲೆ ನಾವು ಮಾಡೋದು ಅದು" ಎಂದರು. ಮುಚ್ಚಿಹೋಗುತ್ತಿದ್ದ ಯಾವುದೋ ಬಲ್ಬಿನ ಕಾರ್ಖಾನೆಯ ಹಳೆಯ ಯಂತ್ರಗಳು ಶೆಡ್ಡಿಗೆ ಬಂದವು. ಶೆಡ್ಡು ಸಾಲದಾಯಿತು, ಪಕ್ಕದ ಖಾಲಿ ಜಾಗಕ್ಕೆ ಗೋಡೆ ಎದ್ದಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಆ ಮನೆಯಲ್ಲಿ ಯಾರೂ ಆಡುವಂತಿರಲಿಲ್ಲ. ಆಡಿದವರನ್ನು ಮಾವ ಗಾಜು ಒರೆಸಲು ಕೂಡಿಸುತ್ತಿದ್ದರು, ಅವರು ಬಂದ ನೆಂಟರೇ ಆಗಿರಲಿ.

ಅತ್ತಿಗೆ ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಹೆಂಗಸರೇ ಇರಲಿಲ್ಲ. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಗಂಡ ಯಂತ್ರದ ಮನುಷ್ಯ. ಒಂದು ಮಾತಿಗೆ ಎರಡು ಮಾತು ಸೇರಿಸಿದರೆ ಬಾಯಿ ಸವೆಯುತ್ತದೆ ಎನ್ನುವಂಥವನು. ಮೈದುನ ಇನ್ನೂ ಶಾಲೆಯ ಹುಡುಗ, ತಾಯಿಯ ಮುಖವೇ ಅವನಿಗೆ ನೆನಪಿಲ್ಲ. ಆಕೆ ಅವನಿಗೆ ತಲೆ ಬಾಚಿದಳು, ಮಗ್ಗಿ ಬಾಯಿಪಾಠ ಮಾಡಿಸಿದಳು, ಅವನು ಒಡೆದ ಕಿಟಕಿಯ ಗಾಜಿನ ಚೂರುಗಳನ್ನು ಮಾವನ ಕಣ್ಣಿಗೆ ಬೀಳದಂತೆ ಬಳಿದು ಹಾಕಿದಳು. ಆಕೆಗೆ ಮಕ್ಕಳಾಗಲಿಲ್ಲ. ಯಾರಾದರೂ ಅದನ್ನೆತ್ತಿದರೆ, "ಇವನೊಬ್ಬನ್ನ ಸಾಕೋದ್ರಲ್ಲೇ ಜೀವ ಹೈರಾಣಾಗಿದೆ, ಇನ್ನೊಂದು ಯಾಕೆ?" ಎಂದು ನಕ್ಕು ಮಾತು ಮರೆಸುತ್ತಿದ್ದಳು.

ಬಲ್ಬಿನೊಳಗಿನ ಕೂದಲೆಳೆಯಂಥ ತಂತಿಯನ್ನು ಚಿಮುಟದಲ್ಲಿ ಹಿಡಿದು ಎರಡು ಕೊಕ್ಕೆಗಳ ನಡುವೆ ಸಿಕ್ಕಿಸುವುದು ಹೆಂಗಸರ ಕೆಲಸ. ಉಸಿರು ಜೋರಾಗಿ ಬಿಟ್ಟರೂ ತಂತಿ ಹಾರಿಹೋಗುತ್ತದೆ. ಅಡುಗೆ ಮುಗಿಸಿ ಸುಮ್ಮನೆ ನೋಡಲು ಬಂದ ಅತ್ತಿಗೆ ಒಂದು ದಿನ ತಾನೂ ಚಿಮುಟ ಹಿಡಿದಳು. ಬರಬರುತ್ತ ಆ ಕೋಣೆಯ ಉಸ್ತುವಾರಿಯೇ ಆಕೆಗೆ ಬಂತು. ಅಲ್ಲಿಯೇ ಗಿಣಿಯ ಸ್ನೇಹ ಬೆಳೆದದ್ದು.

ಗಿಣಿ ಎನ್ನುವುದು ಕೆಲಸದವರಿಟ್ಟ ಅಡ್ಡಹೆಸರು. ಬೆಳಗ್ಗೆ ಬಾಗಿಲು ದಾಟುವಾಗ ಶುರುವಾದ ಅವಳ ಮಾತು ಸಂಜೆ ಅದೇ ಬಾಗಿಲು ದಾಟುವವರೆಗೆ ನಿಲ್ಲುತ್ತಿರಲಿಲ್ಲ. ಗಂಡ ಬಿಟ್ಟುಹೋಗಿದ್ದ. ಒಬ್ಬಳೇ ಮಗಳು. "ಅವನು ಓಡಿಹೋದದ್ದು ನನ್ನ ಮಾತು ತಡೀಲಾರದೆ ಅತ್ತಿಗೆ. ನನ್ನ ಬಾಯಿ ಇಷ್ಟು ಉಪಕಾರ ಮಾಡುತ್ತೆ ಅಂತ ಗೊತ್ತಿದ್ರೆ ಮೊದಲ ವರ್ಷವೇ ಇನ್ನೂ ಜೋರಾಗಿ ಮಾತಾಡ್ತಿದ್ದೆ!" ಎನ್ನುತ್ತಿದ್ದಳು. ಕೋಣೆಯವರೆಲ್ಲ ನಗುತ್ತಿದ್ದರು, ತಂತಿಗಳು ಹಾರಿಹೋಗುತ್ತಿದ್ದವು. ಅತ್ತಿಗೆ ಗದರಬೇಕೆಂದು ಬಾಯಿ ತೆರೆದವಳು ತಾನೇ ನಗುತ್ತಿದ್ದಳು.

ಮೈದುನ ಓದು ಮುಗಿಸಿ ವ್ಯಾಪಾರ ನೋಡಿಕೊಳ್ಳಲು ನಿಂತ ಮೇಲೆ ಕಾರ್ಖಾನೆಯ ದಿಕ್ಕು ಬದಲಾಯಿತು. ಅವನು ಮಾತಿನಲ್ಲಿ ಮರಳು ಹಿಂಡಿ ಎಣ್ಣೆ ತೆಗೆಯುವ ಜಾತಿ. "ಬಲ್ಬು ಯಾರಿಗೆ ಬೇಕು ಅಪ್ಪ? ಆಫೀಸು, ಆಸ್ಪತ್ರೆ, ಶಾಲೆ, ಎಲ್ಲಿ ನೋಡಿದ್ರೂ ಟ್ಯೂಬ್‌ಲೈಟು ಕೇಳ್ತಿದಾರೆ" ಎಂದು ತಂದೆಯ ಬೆನ್ನು ಬಿದ್ದ. ಮಾವ ಒಪ್ಪಿದರು. ಹಿಂದುಗಡೆ ಹೊಸ ಕೋಣೆಯೊಂದು ಎದ್ದಿತು. ಉದ್ದನೆಯ ಗಾಜಿನ ಕೊಳವೆಗೆ ಒಳಗಿನಿಂದ ಬಿಳಿ ಪುಡಿ ಬಳಿದು, ತುದಿಗಳನ್ನು ಬೆಂಕಿಯಲ್ಲಿ ಬೆಸೆದು, ಒಳಗಿನ ಗಾಳಿ ಹೀರಿ, ಕೊನೆಯಲ್ಲೊಂದು ತೊಟ್ಟು ಪಾದರಸ ಬಿಟ್ಟು ಮುಚ್ಚಬೇಕು. ಆ ತೊಟ್ಟು ಬಿಡುವ ಕೈ ಸ್ಥಿರವಾಗಿರಬೇಕು. ಮೈದುನ ಬಲ್ಬಿನ ಕೋಣೆಗೆ ಬಂದು ಹುಡುಕಿ ಹುಡುಕಿ ಗಿಣಿಯನ್ನೇ ಆರಿಸಿಕೊಂಡ.

ಅತ್ತಿಗೆಗೆ ಸಿಟ್ಟು ಬಂತು. "ಇರೋರಲ್ಲಿ ಚೆನ್ನಾಗಿರೋಳನ್ನೇ ಎತ್ಕೊಂಡು ಹೋಗ್ತೀಯಲ್ಲೋ, ನನ್ನ ಕೋಣೆ ಏನಾಗ್ಬೇಕು?" ಎಂದು ಕೇಳಿದಳು. ಗಿಣಿಗೆ ಮಾತ್ರ ಹಿಗ್ಗು. ಸಂಬಳ ಹೆಚ್ಚು, ಮೇಲ್ವಿಚಾರಕಿಯ ಹುದ್ದೆ. ಆ ಮುನಿಸಿನಲ್ಲಿ ಅತ್ತಿಗೆ ಕೆಲವು ವಾರ ಅವಳೊಂದಿಗೆ ಸರಿಯಾಗಿ ಮಾತೂ ಆಡಲಿಲ್ಲ.

ಹೊಸ ಕೋಣೆ ಶುರುವಾದಾಗ ಗೋಡೆಯ ಮೇಲ್ಗಡೆ ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನುಗಳಿದ್ದವು, ಸಾಲಾಗಿ ಕಿಟಕಿಗಳಿದ್ದವು. ಆದರೆ ಗಾಳಿಯಾಡಿದರೆ ಬೆಸೆಯುವ ಬೆಂಕಿಯ ನಾಲಿಗೆ ಅಲ್ಲಾಡುತ್ತಿತ್ತು. ಕೊಳವೆಗಳು ಸೊಟ್ಟಗಾಗಿ ಬಿರುಕು ಬಿಡುತ್ತಿದ್ದವು. ಮೊದಲು ಕಿಟಕಿ ಮುಚ್ಚಿದರು. ಆಮೇಲೆ ಫ್ಯಾನು ನಿಲ್ಲಿಸಿದರು. ಬಿರುಕು ಕಡಿಮೆಯಾಯಿತು, ಆರ್ಡರುಗಳು ಹೆಚ್ಚಿದವು. ಮೈದುನನಿಗೆ ನೆಲಕ್ಕೆ ಕಾಲೇ ತಾಕದಂತಾಯಿತು. ಒಡೆದ ಕೊಳವೆಗಳಿಂದ ಚೆಲ್ಲಿದ ಪಾದರಸ ಬೆಳ್ಳಿಯ ಗುಂಡುಗಳಾಗಿ ಮರದ ಹಲಗೆಯ ನೆಲದ ಮೇಲೆ ಓಡಾಡುತ್ತಿತ್ತು. ಹುಡುಗಿಯರು ಅದನ್ನು ಅಂಗೈಯಲ್ಲಿ ಉರುಳಿಸಿ ಆಡುತ್ತಿದ್ದರು. ಸಂಜೆ ಗುಡಿಸುವಾಗ ಅದು ಹಲಗೆಗಳ ಸಂದಿಗೆ ಇಳಿದು ಮಾಯವಾಗುತ್ತಿತ್ತು. ನೆಲ ಚೊಕ್ಕಟವಾಯಿತಲ್ಲ ಎಂದು ಎಲ್ಲರಿಗೂ ಸಮಾಧಾನ.

ಗಿಣಿಯಲ್ಲಿ ಏನೋ ಬದಲಾಗುತ್ತಿದೆ ಎಂದು ಅತ್ತಿಗೆಗೆ ಅನಿಸಿದ್ದು ಅವಳ ಕೋಪದಿಂದ. ಚಹಾದ ಹೊತ್ತಿನಲ್ಲಿ ಯಾರೋ ಹುಡುಗಿ ತಮಾಷೆ ಮಾಡಿದ್ದಕ್ಕೆ ಗಿಣಿ ಲೋಟ ಎತ್ತಿ ಗೋಡೆಗೆ ಬೀಸಿದಳು. ಮರುದಿನ ಅದೇ ಹುಡುಗಿಯ ಕೈ ಹಿಡಿದು ಅತ್ತಳು. ಆಮೇಲಾಮೇಲೆ ಅವಳು ಚಹಾಕ್ಕೆ ಬರುವುದನ್ನೇ ಬಿಟ್ಟಳು. ಬಂದರೂ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರುವಳು, ಲೋಟವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿಯುವಳು. ಯಾರಾದರೂ ಮಾತಾಡಿಸಿದರೆ ಹೊಸ ಜಾಗಕ್ಕೆ ಬಂದ ಮಗುವಿನಂತೆ ತಲೆ ತಗ್ಗಿಸುವಳು. ಗಿಣಿ ನಾಚಿಕೊಳ್ಳುವುದನ್ನು ಆವರೆಗೆ ಯಾರೂ ಕಂಡಿರಲಿಲ್ಲ.

"ಕುಡೀತಾಳಂತೆ ಅತ್ತಿಗೆ" ಎಂದ ಮೈದುನ. "ಕೈ ನೋಡಿ, ಹೇಗೆ ನಡುಗುತ್ತೆ. ಅವಳನ್ನ ಪ್ಯಾಕಿಂಗಿಗೆ ಹಾಕ್ತೀನಿ."

ಅತ್ತಿಗೆ ರಜೆಯ ದಿನ ನೇರವಾಗಿ ಗಿಣಿಯ ಮನೆಗೆ ಹೋದಳು.

ಮೇಲಂತಸ್ತಿನ ಎರಡು ಕೋಣೆಯ ಮನೆ. ಮಗಳು ಬಾಗಿಲು ತೆಗೆದಳು. ಗಿಣಿ ಕಿಟಕಿಯ ಹತ್ತಿರ ಕೂತು ಅಂಗಿಯೊಂದಕ್ಕೆ ಗುಂಡಿ ಹೊಲಿಯಲು ಪ್ರಯತ್ನಿಸುತ್ತಿದ್ದಳು. ಸೂಜಿ ಹಿಡಿದ ಕೈ ಬಟ್ಟೆಯ ಸುತ್ತಲೂ ಅಲೆಯುತ್ತಿತ್ತೇ ಹೊರತು ಬಟ್ಟೆಗೆ ತಾಕುತ್ತಿರಲಿಲ್ಲ. ಅತ್ತಿಗೆಯನ್ನು ಕಂಡದ್ದೇ ಸೂಜಿಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡಳು.

"ಏನೇ ಇದು? ಯಾವಾಗಿಂದ?"

"ಏನಿಲ್ಲ."

"ನನ್ನ ಮುಖ ನೋಡಿ ಹೇಳೇ. ಕುಡೀತೀಯಾ?"

ಗಿಣಿ ತಲೆಯೆತ್ತಿದಳು. "ಒಂದು ಲೋಟ ನೀರು ಚೆಲ್ಲದೆ ಕುಡಿಯೋಕೆ ಆಗ್ತಿಲ್ಲ ಅತ್ತಿಗೆ ನನಗೆ. ಬಾಯಲ್ಲಿ ಯಾವಾಗಲೂ ತಾಮ್ರ ನೆಕ್ಕಿದ ರುಚಿ. ಹಲ್ಲು ಅಲ್ಲಾಡ್ತಿದೆ. ಜನ ನನ್ನನ್ನೇ ನೋಡ್ತಿದಾರೆ ಅನ್ಸುತ್ತೆ, ಭಯ ಆಗುತ್ತೆ. ನನಗೆ ಹುಚ್ಚು ಹಿಡೀತಿದೆಯೇನೋ. ಯಾರಿಗೂ ಹೇಳ್ಬೇಡಿ, ಕೆಲಸ ಹೋಗುತ್ತೆ."

ಅತ್ತಿಗೆ ಮರುದಿನವೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿದ್ದ ವೈದ್ಯೆ ಗಿಣಿಯ ಒಸಡು ನೋಡಿದರು, ಕಾಗದದ ಮೇಲೊಂದು ಗೆರೆ ಎಳೆಯಲು ಹೇಳಿದರು, ಗೆರೆ ಗರಗಸದ ಹಲ್ಲಿನಂತೆ ಬಂದುದನ್ನು ನೋಡಿದರು. ಆಮೇಲೆ "ನೀವು ಕೆಲಸ ಎಲ್ಲಿ ಮಾಡೋದಮ್ಮ?" ಎಂದು ಕೇಳಿದರು. ಗಿಣಿ ಹೇಳಿದಳು. ವೈದ್ಯೆ ಪೆನ್ನು ಕೆಳಗಿಟ್ಟರು.

"ಇದು ಹುಚ್ಚಲ್ಲ. ಪಾದರಸದ ವಿಷ. ಅದು ಕಣ್ಣಿಗೆ ಕಾಣದ ಹಾಗೆ ಆವಿಯಾಗಿ ಉಸಿರಿನ ಜೊತೆ ಒಳಗೆ ಹೋಗುತ್ತೆ. ಆ ಕೋಣೆಯಲ್ಲಿ ಇನ್ನೂ ಎಷ್ಟು ಜನ ಇದ್ದೀರಿ?"

ಗಿಣಿ ಅತ್ತಿಗೆಯ ಕಡೆ ನೋಡಿದಳು. ಉತ್ತರ ಹೇಳಬೇಕಾದವಳು ಯಜಮಾನರ ಸೊಸೆಯಲ್ಲವೇ. ಅತ್ತಿಗೆ, "ತುಂಬ ಜನ ಇದ್ದಾರೆ ಡಾಕ್ಟ್ರೇ" ಎಂದಳು.

ಅಂದು ಊಟಕ್ಕೆ ಎಲ್ಲರೂ ಕೂತಿದ್ದಾಗ ಆಕೆ ಮಾತೆತ್ತಿದಳು. ಮಾವ, ಗಂಡ, ಮೈದುನ ಮೂವರೂ ಇದ್ದರು. ಮೈದುನ ಮೊದಲು ನಕ್ಕ. ಆಮೇಲೆ ನಗು ಬಿಟ್ಟು, "ಒಬ್ಬಳಿಗೆ ಬಂದ ಕಾಯಿಲೆಗೆ ಕಾರ್ಖಾನೆ ಕಾರಣಾನಾ ಅತ್ತಿಗೆ? ಅವಳಿಗೆ ಮೊದಲಿಂದಲೂ ತಲೆ ಸ್ವಲ್ಪ ಸಡಿಲ" ಎಂದ.

"ಅವಳ ತಲೆ ನೆಟ್ಟಗಿದ್ದದ್ದಕ್ಕೇ ನೀನು ಅವಳನ್ನ ನನ್ನ ಕೋಣೆಯಿಂದ ಎತ್ಕೊಂಡು ಹೋದದ್ದು. ಫ್ಯಾನು ಹಾಕ್ಸು. ಕಿಟಕಿ ತೆಗೆಸು. ನೆಲ ಕೀಳಿಸು. ಅಲ್ಲಿವರೆಗೆ ಆ ಕೋಣೆ ಮುಚ್ಚು."

"ಮುಚ್ಚು ಅಂದ್ರೆ? ಈ ಆರ್ಡರು ತಪ್ಪಿದ್ರೆ ಇನ್ನೊಂದು ಸಲ ನಮ್ಮನ್ನ ಯಾರೂ ಮೂಸಿ ನೋಡಲ್ಲ. ಆಮೇಲೆ ಬಲ್ಬಿನ ಕೋಣೇನೂ ಇಲ್ಲ, ಟ್ಯೂಬಿನ ಕೋಣೇನೂ ಇಲ್ಲ."

ಮಾವ ತಟ್ಟೆಯಿಂದ ಕಣ್ಣು ಕೀಳದೆ ಇಬ್ಬರ ಮಾತನ್ನೂ ಕೇಳಿಸಿಕೊಂಡರು. ಕೊನೆಗೆ, "ಫ್ಯಾನು ಹಾಕ್ಸೋಣ. ಈ ಆರ್ಡರು ಮುಗೀಲಿ. ಹಾವೂ ಸಾಯಬೇಕು, ಕೋಲೂ ಮುರೀಬಾರದು" ಎಂದರು. ಮತ್ತೆ ಸೊಸೆಯ ಕಡೆ ತಿರುಗಿ, "ನೀನು ಆ ಹುಡುಗಿ ಔಷಧದ ಖರ್ಚು ನಮ್ಮ ಮನೇದೇ ಅಂತ ಹೇಳಮ್ಮ. ಆದರೆ ಮನೆ ಮಾತು ಹೊಸ್ತಿಲು ದಾಟೋದು ಬೇಡ" ಎಂದರು.

ಅತ್ತಿಗೆ ಗಂಡನ ಕಡೆ ನೋಡಿದಳು. ಆ ಯಂತ್ರಗಳನ್ನೆಲ್ಲ ಕೈಯಾರೆ ಕೂಡಿಸಿದವನು ಅವನು. ಅವನು ಏನಾದರೂ ಹೇಳಬಹುದು ಎಂದು ಕಾದಳು. ಅವನು ನೀರಿನ ಲೋಟವನ್ನು ಹಾಗೇ ಬಿಟ್ಟು ಎದ್ದು ಕೈ ತೊಳೆಯಲು ಹೋದ.

ಆ ಆರ್ಡರು ಮುಗಿಯುವ ಮೊದಲೇ ಇನ್ನೊಂದು ಆರ್ಡರು ಬಂತು. ಫ್ಯಾನಿನ ಮಾತು ನಾಳೆ ನಾಡಿದ್ದಿಗೆ ಹೋಯಿತು. ಗಿಣಿಯನ್ನು ಮನೆಯಲ್ಲೇ ಇರು ಎಂದು ಕಳಿಸಿದರು. ಅವಳ ಜಾಗಕ್ಕೆ ಬಂದ ಹುಡುಗಿಗೂ ಕೈ ಹಿಡಿತ ತಪ್ಪತೊಡಗಿತು. ಅತ್ತಿಗೆ ದಿನಾ ಕೇಳುವಳು, ಮೈದುನ ದಿನಾ ಒಂದು ನೆವ ಹೇಳುವನು. ಆಕೆ ಬಡಿಸಿದ ಅನ್ನ ತಿನ್ನುವಾಗ ಅವನು ಈಗ ಆಕೆಯ ಮುಖ ನೋಡುತ್ತಿರಲಿಲ್ಲ. ಒಂದು ದಿನ ಆಕೆ ಸಿಟ್ಟಿಗೆದ್ದು ತಾನೇ ಹೋಗಿ ಆ ಕೋಣೆಯ ಕಿಟಕಿಗಳನ್ನೆಲ್ಲ ತೆರೆದಳು. ಗಾಳಿ ನುಗ್ಗಿತು, ಬೆಂಕಿ ಅಲ್ಲಾಡಿತು, ಸಾಲಾಗಿ ಕೊಳವೆಗಳು ಚಟಚಟ ಒಡೆದವು. ಒಡೆದ ಕೊಳವೆಗಳಿಗೆ ಸಂಬಳ ಹಿಡಿಯುತ್ತಾರೆಂಬ ಭಯದಲ್ಲಿ ಹುಡುಗಿಯರೇ ಓಡಿಬಂದು ಕಿಟಕಿ ಮುಚ್ಚಿದರು. "ನಿಮಗೇನು ಅತ್ತಿಗೆ, ನೀವು ಯಜಮಾನ್ರ ಮನೆಯವರು" ಎಂದಳು ಒಬ್ಬಳು.

ಇಷ್ಟರಲ್ಲಿ ಆಸ್ಪತ್ರೆಯ ವೈದ್ಯೆ ತಮ್ಮ ಕರ್ತವ್ಯವೆಂದು ಮೇಲಿನವರಿಗೆ ವಿಷಯ ತಿಳಿಸಿದ್ದರು. ಕಾರ್ಖಾನೆಗಳ ತಪಾಸಣೆ ಮಾಡುವ ಅಧಿಕಾರಿ ಬರುತ್ತಾನೆಂಬ ಸುದ್ದಿ ಅವನಿಗಿಂತ ಮೊದಲೇ ಬಂತು. ಮೈದುನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತು ಕೋಣೆ ತೊಳೆಸಿದ. ಗೋಡೆಗೆ ಸುಣ್ಣ ಬಂತು, ಕಿಟಕಿಗಳು ತೆರೆದವು, ಫ್ಯಾನುಗಳು ಗರಗರ ತಿರುಗಿದವು. ನೆಲದ ಹಲಗೆಗಳಿಗೆ ಹೊಸ ಮೇಣ ತಿಕ್ಕಿಸಿದ. ಕೈ ನಡುಗುವವರಿಗೆಲ್ಲ ಆ ದಿನ ರಜೆ. ಉಳಿದವರಿಗೆ ಏನು ಕೇಳಿದರೆ ಏನು ಹೇಳಬೇಕೆಂಬ ಪಾಠ.

ಅಧಿಕಾರಿ ಕೆಟ್ಟವನಲ್ಲ. ಅವಸರದ ಮನುಷ್ಯ, ಅಷ್ಟೆ. ಕೋಣೆಯನ್ನು ಸುತ್ತಿದ, ಫ್ಯಾನಿನ ಕೆಳಗೆ ಕೈಯೊಡ್ಡಿದ, ಇಬ್ಬರು ಹುಡುಗಿಯರನ್ನು ಮಾತಾಡಿಸಿದ. ಇಬ್ಬರೂ ಎಲ್ಲ ಚೆನ್ನಾಗಿದೆ ಎಂದರು. ಮಾವ ಕೋಲೂರಿಕೊಂಡು ಬಾಗಿಲಲ್ಲಿ ನಿಂತಿದ್ದರು. ಗಂಡ ಯಂತ್ರದ ಹಿಂದೆ ನಿಂತಿದ್ದ. ಅಧಿಕಾರಿ ಹೊರಡುವ ಮುನ್ನ ಲೋಕಾಭಿರಾಮವಾಗಿ, "ನೀವು ಹೆಂಗಸರ ಉಸ್ತುವಾರಿ ನೋಡ್ಕೊಳ್ಳೋರು ಅಲ್ವಾ ಅಮ್ಮ? ನಿಮ್ಮದೇನಾದ್ರೂ ಹೇಳೋದಿದೆಯಾ?" ಎಂದು ಅತ್ತಿಗೆಯನ್ನು ಕೇಳಿದ.

ಮೈದುನ ನಗುನಗುತ್ತ, "ಅತ್ತಿಗೆಗೆ ನಮ್ಮನ್ನ ಬೈಯೋದು ಬಿಟ್ರೆ ಬೇರೆ ದೂರಿಲ್ಲ ಸಾರ್" ಎಂದ.

ಆ ನಗು ಆಕೆಗೆ ಚೆನ್ನಾಗಿ ಗೊತ್ತು. ಕಿಟಕಿ ಒಡೆದ ದಿನಗಳಲ್ಲಿ ಅಪ್ಪನ ಮುಂದೆ ನಿಂತು ಅವನು ನಗುತ್ತಿದ್ದ ನಗು ಅದು. ಆಗೆಲ್ಲ ಆಕೆ ಚೂರುಗಳನ್ನು ಬಳಿದು ಹಾಕಿದ್ದಳು.

"ಈ ಹಲಗೆ ಎತ್ತಿಸಿ ನೋಡಿ" ಎಂದಳು.

"ಏನಂದ್ರಿ?"

"ಈ ನೆಲದ ಹಲಗೆ. ಎತ್ತಿಸಿ ನೋಡಿ ಸಾರ್."

ಯಾರೂ ಕದಲಲಿಲ್ಲ. ಅತ್ತಿಗೆ ಬೆಂಚಿನ ಮೇಲಿದ್ದ ದೊಡ್ಡ ಸ್ಕ್ರೂಡ್ರೈವರು ತೆಗೆದುಕೊಂಡು ಮೊಣಕಾಲೂರಿ ಕೂತಳು. ಸಂದಿಗೆ ಅದನ್ನು ಸಿಕ್ಕಿಸಿ ಮೀಟಿದಳು. ಮೊಳೆ ಜಗ್ಗಲಿಲ್ಲ. ಮತ್ತೆ ಮೀಟಿದಳು. ಬೆರಳ ಗೆಣ್ಣು ತರಚಿ ರಕ್ತ ಬಂತು. ಮೂರನೆಯ ಸಲಕ್ಕೆ ಹಲಗೆ ಕಿರುಗುಟ್ಟಿ ಮೇಲೆದ್ದಿತು. ಕೆಳಗೆ ವರ್ಷಗಳ ಧೂಳಿನ ನಡುವೆ, ಗಾಜಿನ ಚೂರು, ಹೇರ್‌ಪಿನ್ನು, ಬಿಳಿ ಪುಡಿಯ ನಡುವೆ ಪಾದರಸ ಮಡುಗಟ್ಟಿ ನಿಂತಿತ್ತು. ಹಲಗೆ ಕಿತ್ತ ಕಂಪನಕ್ಕೆ ಅದು ಒಮ್ಮೆ ನಡುಗಿ, ಒಡೆದು, ಮತ್ತೆ ಒಂದಾಯಿತು.

ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. ಅಧಿಕಾರಿ, "ಎಲ್ಲರೂ ಹೊರಗೆ ನಡೀರಿ" ಎಂದ.

ಅಂದೇ ಆ ಕೋಣೆಗೆ ಬೀಗಮುದ್ರೆ ಬಿತ್ತು. ಕೆಲವೇ ದಿನಗಳಲ್ಲಿ ಇಡೀ ಕಾರ್ಖಾನೆ ನಿಂತಿತು. ಕೈ ನಡುಗುವವರು ಒಬ್ಬೊಬ್ಬರಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಂತರು, ನಡುಗದವರೂ ನಿಂತರು. ಅತ್ತಿಗೆ ತಮ್ಮ ಜೀವ ಉಳಿಸಿದಳೆಂದು ಯಾರಾದರೂ ಹೊಗಳಿದರೇ? ಇಲ್ಲ. ಬಲ್ಬಿನ ಕೋಣೆಯವರೂ ಸೇರಿ ಎಲ್ಲರೂ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದರು. ಅಂಗಡಿ ಬೀದಿಯಲ್ಲಿ ಆಕೆಯನ್ನು ಕಂಡು ಹೆಂಗಸರು ಮುಖ ತಿರುಗಿಸಿದರು. "ಉಂಡ ತಟ್ಟೆಗೇ ಕಲ್ಲು ಹಾಕಿದಳು. ತಾನು ಮಾತ್ರ ಕಂಠಪೂರ್ತಿ ಉಣ್ತಿದಾಳೆ" ಎಂದು ಒಬ್ಬಳು ಕೇಳಿಸುವಂತೆಯೇ ಅಂದಳು. ಅತ್ತಿಗೆ ಚೀಲ ಹಿಡಿದುಕೊಂಡು ತಲೆ ತಗ್ಗಿಸಿ ನಡೆದಳು. ಮಾತು ಕಹಿಯಾಗಿದ್ದರೂ ಪೂರಾ ಸುಳ್ಳಲ್ಲ ಎಂದು ಆಕೆಗೆ ಗೊತ್ತಿತ್ತು.

ಮನೆಯೊಳಗೆ ಇನ್ನೂ ಕಷ್ಟ. ಮಾವ ಆಕೆಯೊಂದಿಗೆ ಮಾತು ಬಿಟ್ಟರು. ಬಡಿಸಿದ್ದನ್ನು ಉಣ್ಣುವರು, ಔಷಧ ಕೊಟ್ಟರೆ ಕುಡಿಯುವರು, ತುಟಿ ಮಾತ್ರ ಬಿಚ್ಚರು. ಮೈದುನ ತನ್ನ ಸಾಮಾನು ಕಟ್ಟಿದ. ಬೇರೆ ಊರಿನಲ್ಲಿ ತನ್ನದೇ ಕಾರ್ಖಾನೆ ತೆಗೆಯುತ್ತೇನೆಂದ. ಲಾಟೀನಯ್ಯ ಕಟ್ಟಿದ ಹೆಸರನ್ನೂ ಮುದ್ರೆಯನ್ನೂ ಅವನೇ ಕೇಳಿ ಪಡೆದ. ಹೊರಡುವಾಗ ಬಾಗಿಲ ಬಳಿ ನಿಂತು, "ನನ್ನ ಸ್ವಂತ ತಾಯಿ ಆಗಿದ್ರೆ ಹೀಗೆ ಮಾಡ್ತಿದ್ರಾ ಅತ್ತಿಗೆ?" ಎಂದು ಕೇಳಿದ.

"ತಾಯಿ ಆಗಿದ್ರೆ ಇನ್ನೂ ಮೊದಲೇ ಮಾಡ್ತಿದ್ದಳೇನೋ. ನಾನು ಅಂಜಿದೆ" ಎಂದಳು ಆಕೆ. ಅವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಆಗಲೇ ಮೆಟ್ಟಿಲಿಳಿಯುತ್ತಿದ್ದ. ಅವನ ಕೋಣೆಗೆ ಹೋಗಿ, ಹಾಸಿಗೆಯ ಮೇಲೆ ಕೂತು, ಆಕೆ ಬಹಳ ಹೊತ್ತು ಅತ್ತಳು.

ಆ ದಿನಗಳಲ್ಲೇ ಒಂದು ಬೆಳಗ್ಗೆ ಗಂಡ ಬಚ್ಚಲ ಕೋಣೆಯಿಂದ ಆಕೆಯನ್ನು ಕರೆದ. ಕನ್ನಡಿಯ ಮುಂದೆ ನಿಂತಿದ್ದ. ಮುಖದ ತುಂಬ ಸೋಪಿನ ನೊರೆ, ಗದ್ದದಲ್ಲಿ ಅಲ್ಲಲ್ಲಿ ಗಾಯ. ಕ್ಷೌರದ ಬ್ಲೇಡನ್ನು ಆಕೆಯ ಕಡೆ ಚಾಚಿದ. ಚಾಚಿದ ಕೈ ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು.

"ರೀ... ಯಾವಾಗಿಂದ ಇದು?"

"ಗಿಣಿಗಿಂತ ಮೊದಲಿಂದ."

ಆಕೆ ಬಚ್ಚಲ ಕಟ್ಟೆಯ ಮೇಲೆ ಕೂತಳು. ಊಟದ ಹೊತ್ತಿನಲ್ಲಿ ಅವನು ನೀರಿನ ಲೋಟ ಮುಟ್ಟದೆ ಎದ್ದದ್ದು, ಸದಾ ಜೇಬಿನಲ್ಲಿ ಕೈ ಇಟ್ಟುಕೊಂಡು ಓಡಾಡುತ್ತಿದ್ದುದು ಎಲ್ಲಕ್ಕೂ ಈಗ ಅರ್ಥ ಬಂತು.

"ಗೊತ್ತಿದ್ದೂ ಸುಮ್ಮನಿದ್ರಾ?"

"ಯಂತ್ರ ಕೂಡಿಸೋಕೆ ಬಂದವರು ಹೇಳಿದ್ರು, ಫ್ಯಾನು ನಿಲ್ಲಿಸ್ಬೇಡಿ ಅಂತ. ನಿಲ್ಲಿಸಿದ್ದು ನಾನೇ. ಕೊಳವೆ ಒಡೆಯೋದು ನೋಡೋಕಾಗ್ಲಿಲ್ಲ." ಅವನು ಕನ್ನಡಿಯ ಕಡೆ ತಿರುಗಿದ. "ನೀನು ಹಲಗೆ ಎತ್ತಿದಾಗ, ಅಬ್ಬ, ಇನ್ನು ಮುಚ್ಚಿಡೋದು ತಪ್ಪಿತಲ್ಲ ಅನ್ನಿಸ್ತು. ನಾಚಿಕೆಯೂ ಆಯ್ತು."

ಮದುವೆಯಾದಾಗಿನಿಂದ ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಆಕೆ ಕೇಳಿರಲಿಲ್ಲ. ಆಕೆಗೆ ಅವನ ಕೆನ್ನೆಗೆ ಹೊಡೆಯಬೇಕೆನ್ನುವಷ್ಟು ಕೋಪ ಬಂದಿತ್ತು. ಹೊಡೆಯಲಿಲ್ಲ. ಬ್ಲೇಡು ತೆಗೆದುಕೊಂಡು, ಗದ್ದ ಹಿಡಿದೆತ್ತಿ, ಮೆಲ್ಲಗೆ ಕ್ಷೌರ ಮಾಡಿದಳು. ಕ್ಷಮಿಸಿದಳೋ ಇಲ್ಲವೋ ಆಕೆಗೇ ತಿಳಿಯದು. ಕ್ಷೌರ ಮಾತ್ರ ಅವನು ಬದುಕಿರುವವರೆಗೂ ಆಕೆಯೇ ಮಾಡಿದಳು.

ಆ ಕೋಣೆಯನ್ನು ಕೆಡವಲು ಹೊರಗಿನಿಂದ ಮುಖಕ್ಕೆ ಮುಸುಕು ಹಾಕಿದ ಕೆಲಸಗಾರರು ಬಂದರು. ಹಲಗೆ, ಅದರಡಿಯ ಮಣ್ಣು, ಗೋಡೆಯ ಗಾರೆ ಎಲ್ಲವನ್ನೂ ಡ್ರಮ್ಮುಗಳಲ್ಲಿ ತುಂಬಿಸಿ ಒಯ್ದರು. ಬಲ್ಬಿನ ಕೋಣೆಯನ್ನು ತೆರೆಯಲು ಒಪ್ಪಿಗೆ ಸಿಕ್ಕಿತು. ಆದರೆ ಕೆಲಸಕ್ಕೆ ಜನ ಬೇಕಲ್ಲ. ಅತ್ತಿಗೆ ಮನೆ ಮನೆಗೆ ಹೋದಳು. ಕೆಲವರು ಒಳಗೆ ಕರೆದು ಕೂರಿಸಿದರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಗಿಣಿಯ ಜಾಗಕ್ಕೆ ಬಂದಿದ್ದ ಹುಡುಗಿಯ ತಾಯಿಯಂತೂ, "ನಮ್ಮ ಹುಡುಗಿ ಕೈಗೆ ಈಗ ಬಾಚಣಿಗೆ ನಿಲ್ಲಲ್ಲ. ನಿಮ್ಮ ಮನೆ ದೀಪ ನಮ್ಮ ಮನೇಲಿ ಒಂದೂ ಇಲ್ಲ, ಎಲ್ಲ ಕಿತ್ತು ಬಿಸಾಕಿದೀವಿ" ಎಂದು ಬಾಗಿಲು ಹಾಕಿಕೊಂಡಳು. ಅತ್ತಿಗೆ ಮುಂದಿನ ಮನೆಗೆ ನಡೆದಳು.

ಹೊಲಿಗೆ ಯಂತ್ರಕ್ಕೆ, ಕರೆಂಟಿನ ಒಲೆಗೆ, ಸೈಕಲ್ಲಿಗೆ ಬೇಕಾದ ಪುಟ್ಟ ಬಲ್ಬುಗಳನ್ನು ಮಾಡುತ್ತ ಕಾರ್ಖಾನೆ ಕುಂಟುತ್ತ ನಡೆಯಿತು. ಹೊಸ ಹೆಸರು, ಹೊಸ ಮುದ್ರೆ; ಯಾರೂ ಅದನ್ನು ನೆನಪಿಟ್ಟುಕೊಳ್ಳಲಿಲ್ಲ. ಮಾವ ಮಾತಾಡದೆಯೇ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮಂಚದಿಂದ ಕೈ ಚಾಚಿ ಸೊಸೆಯ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಅದು ನೋವಿಗೆ ಹಿಡಿದದ್ದೋ, ಬೇರೆ ಏನಾದರೂ ಹೇಳಲು ಹಿಡಿದದ್ದೋ ಎಂದು ಆಕೆ ಎಷ್ಟೋ ಸಲ ಯೋಚಿಸಿದ್ದುಂಟು. ಗಿಣಿ ಬರಬರುತ್ತ ಸುಧಾರಿಸಿಕೊಂಡಳು. ಭಯ ಹೋಯಿತು, ಜನರ ನಡುವೆ ಕೂರುವುದು ಮರಳಿತು, ಮಾತೂ ಅರ್ಧದಷ್ಟು ಮರಳಿತು. ಕೈ ಮಾತ್ರ ಮರಳಲಿಲ್ಲ. ಅತ್ತಿಗೆ ವಾರಕ್ಕೊಮ್ಮೆ ಹೋಗಿ ಅವಳ ಉಗುರು ಕತ್ತರಿಸಿ ಬರುತ್ತಿದ್ದಳು. "ಅತ್ತಿಗೆ ಕೈಲಿ ಉಗುರು ತೆಗೆಸ್ಕೊಳ್ಳೋ ಯಜಮಾನಿ ನಾನು, ನೋಡಿ" ಎಂದು ಗಿಣಿ ನೆರೆಯವರಿಗೆ ಹೇಳುವಳು. ಇಬ್ಬರೂ ನಗುವರು. ಆದರೆ ಒಂದು ಸಲ, ನಗುವಿನ ನಡುವೆಯೇ, "ಆಸ್ಪತ್ರೆಗೆ ಹೋದ ಮಾರನೇ ದಿನವೇ ಆ ಹಲಗೆ ಎತ್ತಿದ್ರೆ, ನನ್ನ ಜಾಗಕ್ಕೆ ಬಂದ ಹುಡುಗಿ ಕೈಯಾದ್ರೂ ಉಳೀತಿತ್ತಲ್ವಾ ಅತ್ತಿಗೆ?" ಎಂದು ಕೇಳಿದಳು. ಅತ್ತಿಗೆ "ಹೌದು ಕಣೇ" ಎಂದಳು.

ಗಂಡ ತೀರಿಕೊಂಡಾಗ ಮೈದುನ ಬಂದ. ತಲೆ ನರೆತಿತ್ತು, ಮೈ ತುಂಬಿಕೊಂಡಿತ್ತು. ಅವನ ಕಾರ್ಖಾನೆ ದೊಡ್ಡದಾಗಿತ್ತು. ಲಾಟೀನಯ್ಯನ ಹೆಸರು ಹೊತ್ತ ದೀಪಗಳು ಎಲ್ಲ ಅಂಗಡಿಗಳಲ್ಲೂ ಇದ್ದವು. ಬಂದವರೆಲ್ಲ ಹೋದ ಮೇಲೆ ಆಕೆ ಅವನಿಗೆ ತಟ್ಟೆ ಹಾಕಿದಳು. ಅವನು ತುತ್ತನ್ನು ಕಲಸುತ್ತ, "ಈಗ ಎಲ್ಲ ಹೊಸ ಥರದ ದೀಪ ಅತ್ತಿಗೆ. ಪಾದರಸವೇ ಇಲ್ಲ. ಈ ಜಾಗ ನನ್ನ ಕಾರ್ಖಾನೆಗೆ ಸೇರಿಸಿಬಿಡೋಣ. ನೀವು ಆರಾಮಾಗಿ ನಮ್ಮ ಮನೇಲಿರಿ" ಎಂದ.

"ಆ ಹುಡುಗಿಯರನ್ನ ಒಂದು ಸಲವಾದ್ರೂ ನೋಡೋಕೆ ಹೋಗಿದ್ಯಾ?"

ಅವನು ಕಲಸುವುದನ್ನು ನಿಲ್ಲಿಸಿದ. "ಹೋಗಿ ಏನು ಹೇಳ್ಲಿ?"

"ಏನೂ ಹೇಳ್ಬೇಡ. ಹೋಗಿ ಕೂತ್ಕೋ. ಅದಾದ ಮೇಲೆ ಜಾಗದ ಮಾತಾಡೋಣ."

ಅವನು ಬಡಿಸಿದ್ದನ್ನು ಬಿಡದೆ ಉಂಡ. ಚಿಕ್ಕಂದಿನಲ್ಲೂ ಅಷ್ಟೇ, ಎಷ್ಟು ಸಿಟ್ಟಿದ್ದರೂ ಆಕೆಯ ತಟ್ಟೆಯಲ್ಲಿ ಏನೂ ಬಿಡುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿರುವಾಗಲೇ ಕಾರು ಹತ್ತಿ ಹೊರಟುಹೋದ. ಕಾರು ಬೀದಿಯ ಕೊನೆಯಲ್ಲಿ ಗಿಣಿಯ ಮನೆಯ ಕಡೆಗೆ ತಿರುಗಲಿಲ್ಲ, ಹೆದ್ದಾರಿಯ ಕಡೆಗೆ ತಿರುಗಿತು. ಬಾಗಿಲಲ್ಲಿ ನಿಂತು ಆಕೆ ಅದನ್ನು ನೋಡಿದಳು. ಆ ಬಳಿಕವೂ ಅವನು ವರ್ಷಕ್ಕೊಮ್ಮೆ ಫೋನು ಮಾಡುತ್ತಾನೆ, ಆರೋಗ್ಯ ಕೇಳುತ್ತಾನೆ, ಜಾಗದ ಮಾತೆತ್ತುತ್ತಾನೆ. ಆಕೆಯೂ ಪ್ರತಿ ಸಲ ಅದೇ ಪ್ರಶ್ನೆ ಕೇಳುತ್ತಾಳೆ, ಅವನು ಫೋನು ಇಡುತ್ತಾನೆ. ಬಲ್ಬಿನ ಕೋಣೆಯಲ್ಲಿ ಈಗ ಬೆರಳೆಣಿಕೆಯ ಹೆಂಗಸರಿದ್ದಾರೆ. ಬೇಡಿಕೆ ಇರುವಷ್ಟು ದಿನ ನಡೆಸೋಣ ಎಂದು ಅತ್ತಿಗೆ ಅವರಿಗೆ ಹೇಳಿದ್ದಾಳೆ.